ಲೆಮಿಂಗ್ಟನ್‌ನ ಗಾಂಜಾ ಗಾಜಿನಮನೆಯಲ್ಲಿ ತೂಕದ ಲೆಕ್ಕ, ತೇವಾಂಶದ ಲೆಕ್ಕ

ಕೆನಡಾದ ಆಂಟಾರಿಯೊ ಪ್ರಾಂತ್ಯದ ದಕ್ಷಿಣ ತುದಿಯಲ್ಲಿ, ಈರಿ ಸರೋವರದ ದಡದಲ್ಲಿರುವ ಲೆಮಿಂಗ್ಟನ್ ಟೊಮೆಟೊ, ದಪ್ಪ ಮೆಣಸಿನಕಾಯಿ ಹಾಗೂ ಸೌತೆಕಾಯಿಯ ಗಾಜಿನಮನೆಗಳಿಗೆ ಹೆಸರಾದ ಊರು. ವಯಸ್ಕರಿಗೆ ಗಾಂಜಾ ಮಾರಾಟವನ್ನು ಸಕ್ರಮಗೊಳಿಸಿದ ಕಾಯ್ದೆ 2018ರ ಅಕ್ಟೋಬರ್ 17ರಂದು ಜಾರಿಗೆ ಬಂದ ಸುಮಾರಿಗೆ ಇಲ್ಲಿನ ಕೆಲವು ಗಾಜಿನಮನೆಗಳು ಆ ಬೆಳೆಯತ್ತ ತಿರುಗಿದವು. ಅಂಥ ಒಂದು ಪರವಾನಗಿ ಪಡೆದ ಘಟಕದಲ್ಲಿ ಬೆಳೆ ಮತ್ತು ದಾಖಲೆ ಎರಡರ ಉಸ್ತುವಾರಿಯೂ ನನ್ನದು. ದೊಡ್ಡಬಳ್ಳಾಪುರದ ಕಡೆ ಪಾಲಿಹೌಸ್‌ನಲ್ಲಿ ದಪ್ಪ ಮೆಣಸಿನಕಾಯಿ ಬೆಳೆದು ಬಂದ ನನಗೆ ಹನಿ ನೀರಾವರಿಯಾಗಲಿ, ನೀರಿನಲ್ಲಿ ಗೊಬ್ಬರ ಕೊಡುವುದಾಗಲಿ ಹೊಸದಾಗಿರಲಿಲ್ಲ. ಬೆಳೆದ ಒಂದೊಂದು ಗ್ರಾಮಿಗೂ ಸರ್ಕಾರಕ್ಕೆ ಲೆಕ್ಕ ಒಪ್ಪಿಸುವುದು ಹೊಸದಾಗಿತ್ತು. ಭಾರತದಲ್ಲಿ 1985ರ ಮಾದಕ ವಸ್ತುಗಳ (ಎನ್‌ಡಿಪಿಎಸ್) ಕಾಯ್ದೆಯಡಿ ಅನುಮತಿಯಿಲ್ಲದೆ ಗಾಂಜಾ ಬೆಳೆಯುವುದು ಅಪರಾಧವಾದ್ದರಿಂದ, ಇಲ್ಲಿ ಬರೆದಿರುವುದೆಲ್ಲ ಕೆನಡಾದ ಮಾತೆಂದೇ ಓದಬೇಕು.

ಅಮೆರಿಕದ ಕೊಲೊರಾಡೊ, ಕ್ಯಾಲಿಫೋರ್ನಿಯಾ ಮುಂತಾದ ರಾಜ್ಯಗಳಲ್ಲಿ ಗಿಡದಿಂದ ಮಾರಾಟದವರೆಗೆ ಲೆಕ್ಕವಿಡಲು ಸರ್ಕಾರವೇ ಗೊತ್ತುಮಾಡಿದ ಮೆಟ್ರ್ಕ್ ಎಂಬ ವ್ಯವಸ್ಥೆಯಿದ್ದು, ಬೆಳೆದು ನಿಂತ ಪ್ರತಿ ಗಿಡಕ್ಕೂ ಗುರುತಿನ ಬಿಲ್ಲೆಯನ್ನು ಕಟ್ಟಬೇಕಾಗುತ್ತದೆ. ಕೆನಡಾದಲ್ಲಿ ಹಾಗಿಲ್ಲ. ತಿಂಗಳ ಆರಂಭದ ದಾಸ್ತಾನು, ಅದಕ್ಕೆ ಸೇರಿದ್ದು, ಅದರಿಂದ ಹೋದದ್ದು, ಕೊನೆಗೆ ಉಳಿದದ್ದು, ಇವಿಷ್ಟನ್ನೂ ಮರುತಿಂಗಳ 15ರೊಳಗೆ ಕೇಂದ್ರದ ಆರೋಗ್ಯ ಇಲಾಖೆಯಾದ ಹೆಲ್ತ್ ಕೆನಡಾಕ್ಕೆ ಸಲ್ಲಿಸಬೇಕು. ಮಾರಾಟವಾದ ಯಾವುದೇ ಪೊಟ್ಟಣದ ಲಾಟ್ (ಒಟ್ಟಿಗೆ ಬೆಳೆದು ಕೊಯ್ದ ಕಂತು) ಸಂಖ್ಯೆಯಿಂದ ಹಿಂದಕ್ಕೆ ಹೋಗಿ ಅದರ ಮೂಲವನ್ನು ತೋರಿಸಲು ಸಾಧ್ಯವಾಗಬೇಕು. ಅದನ್ನು ಯಾವ ತಂತ್ರಾಂಶದಲ್ಲಿ ಮಾಡಬೇಕೆಂಬುದು ಬೆಳೆಗಾರನ ಆಯ್ಕೆ. ಹಲವು ಕಂಪನಿಗಳ ತಂತ್ರಾಂಶಗಳನ್ನು ನೋಡಿದ ಮೇಲೆ ನನಗೆ ಖಚಿತವಾದದ್ದೇನೆಂದರೆ, ಪರದೆಯ ಮೇಲಿನ ನಕ್ಷೆಗಳು ಎಷ್ಟೇ ಚೆಂದವಿದ್ದರೂ, ಗಿಡದ ಬುಡದಲ್ಲಿ ನಿಂತ ಕೆಲಸಗಾರನ ಕೈಯಿಂದ ಆ ಕ್ಷಣದಲ್ಲೇ ದಾಖಲಾಗದ ಅಂಕಿ ಬೆಳೆಗೂ ಉಪಯೋಗವಿಲ್ಲ, ತಪಾಸಣೆಗೂ ಉಪಯೋಗವಿಲ್ಲ.

ಆದ್ದರಿಂದ ನಾನು ಕೊಯ್ಲಿನ ಸಾಲಿನಿಂದ ಆರಂಭಿಸಿದೆ. ಕೊಯ್ಲಿನ ದಿನ ಎಲ್ಲರ ಕೈಗವಸುಗಳಿಗೂ ಗಿಡದ ಅಂಟು ಮೆತ್ತಿಕೊಂಡಿರುತ್ತದೆ. ಆ ಕೈಗಳಿಗೆ ಟ್ಯಾಬ್ಲೆಟ್‌ನ ಪರದೆ ಸರಿಯಾಗಿ ಸ್ಪಂದಿಸುವುದಿಲ್ಲ. ಹಾಗಾಗಿ ತಕ್ಕಡಿಯ ಪಕ್ಕದಲ್ಲಿ ಒಂದು ಬಾರ್‌ಕೋಡ್ ಸ್ಕ್ಯಾನರನ್ನು ತೂಗುಹಾಕಿ, ತಕ್ಕಡಿಯನ್ನು ನೇರವಾಗಿ ತಂತ್ರಾಂಶಕ್ಕೆ ಜೋಡಿಸಿದೆವು. ಗಿಡ ಕಡಿದವರು ಅದನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಅದರ ಬಾರ್‌ಕೋಡ್ ಚೀಟಿಯನ್ನು ಸ್ಕ್ಯಾನ್ ಮಾಡುತ್ತಾರೆ. ಮುಳ್ಳು ಸ್ಥಿರವಾದೊಡನೆ ತೂಕ ತಾನಾಗಿ ಸೇರಿ ಹಸಿರು ದೀಪ ಹೊತ್ತುತ್ತದೆ. ಯಾರೂ ಅಂಕಿ ಒತ್ತುವುದಿಲ್ಲ. ಇಲ್ಲಿನ ಗಾಜಿನಮನೆಗಳಲ್ಲಿ ದುಡಿಯುವವರಲ್ಲಿ ಮೆಕ್ಸಿಕೊ, ಗ್ವಾಟೆಮಾಲಾ, ಜಮೈಕಾದಿಂದ ಬಂದವರು ಬಹಳ. ಅವರಿಗಾಗಿ ಪರದೆಯ ಮಾತುಗಳನ್ನು ಸ್ಪ್ಯಾನಿಷ್‌ನಲ್ಲೂ ಕೊಟ್ಟು, ಆದಷ್ಟು ಕೆಲಸವನ್ನು ಬಣ್ಣ ಮತ್ತು ಚಿತ್ರಗಳಿಂದಲೇ ತಿಳಿಯುವಂತೆ ಮಾಡಿದೆವು. ಚೀಟಿಯೂ ಸಣ್ಣ ವಿಷಯವಲ್ಲ: ಕಾಗದದ ಚೀಟಿ ತೇವಕ್ಕೆ ಮೆತ್ತಗಾಗಿ ಗೆರೆಗಳು ಅಳಿಸಿಹೋಗುವುದರಿಂದ ಪಾಲಿಯೆಸ್ಟರ್ ಚೀಟಿಗಳನ್ನೇ ಬಳಸುತ್ತೇವೆ.

ತೂಕದ ನಂತರದ ಭಾಗ ಹವೆಯದು. ನನ್ನ ಮನಸ್ಸು ಹೆಚ್ಚು ನೆಲೆಗೊಂಡಿರುವುದು ಇಲ್ಲೇ. ನಾವು ಬೆಳೆಯುವ ತಳಿಗಳು ಹೂ ಬಿಡಬೇಕಾದರೆ ದಿನಕ್ಕೆ ಹನ್ನೆರಡು ಗಂಟೆಯಷ್ಟು ಅಡೆತಡೆಯಿಲ್ಲದ ಕತ್ತಲು ಬೇಕು, ಆದರೆ ಜೂನ್ ತಿಂಗಳಲ್ಲಿ ಇಲ್ಲಿ ಹಗಲೇ ಹದಿನೈದು ಗಂಟೆಗೂ ಮಿಕ್ಕಿರುತ್ತದೆ. ಸಂಜೆ ಬಿಸಿಲಿರುವಾಗಲೇ ಕಪ್ಪು ಪರದೆಗಳನ್ನು ಎಳೆಯಬೇಕಾಗುತ್ತದೆ. ಗಿಡಗಳು ಬಿಟ್ಟ ಆವಿ ಆ ಪರದೆಯ ಕೆಳಗೇ ಸಿಕ್ಕಿಕೊಳ್ಳುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ. 60ರಷ್ಟು ಸಾಪೇಕ್ಷ ತೇವಾಂಶವಿರುವ ಗಾಳಿ, ಒಂದು ತೊಟ್ಟು ನೀರೂ ಹೊಸದಾಗಿ ಸೇರದೆ 18 ಡಿಗ್ರಿಗೆ ತಣಿದರೆ ಸಾಕು, ತೇವಾಂಶ ಶೇ. 92ಕ್ಕೆ ಏರುತ್ತದೆ, 17 ಡಿಗ್ರಿಗಿಂತ ಸ್ವಲ್ಪ ಕೆಳಗಿಳಿದರೆ ಹೂವಿನ ಮೇಲೆ ಇಬ್ಬನಿ ಕೂರುತ್ತದೆ. ಬೂದುಬಣ್ಣದ ಬೊಟ್ರೈಟಿಸ್ ಬೂಷ್ಟು ಕಾಯುತ್ತಿರುವುದು ಅದಕ್ಕಾಗಿಯೇ. ಒತ್ತಾಗಿ ಕಟ್ಟಿದ ದಪ್ಪ ಹೂಗೊಂಚಲಿನ ಒಳಗಡೆ ಅದು ಹಿಡಿದರೆ ಹೊರಗಿನಿಂದ ಬೇಗ ಕಾಣುವುದೂ ಇಲ್ಲ.

ಹವಾ ನಿಯಂತ್ರಣದ ಕಂಪ್ಯೂಟರ್ ಎಲ್ಲ ದೊಡ್ಡ ಗಾಜಿನಮನೆಗಳಲ್ಲೂ ಇರುತ್ತದೆ. ನಾವು ಅದರ ಮಾಪಕಗಳನ್ನು ನಡುದಾರಿಯ ಕಂಬದಿಂದ ತೆಗೆದು ಹೂಗೊಂಚಲಿನ ಎತ್ತರಕ್ಕೇ ತಂದೆವು, ಏಕೆಂದರೆ ಕಂಬದ ಗಾಳಿಗೂ ಗಿಡಗಳ ನಡುವಿನ ಗಾಳಿಗೂ ಬಹಳ ಅಂತರವಿರುತ್ತದೆ. ಹೊರಗೆ ಪೂರ್ತಿ ಕತ್ತಲಾದ ಮೇಲೆ ಪರದೆಯನ್ನು ಸರಿಸಿ, ಛಾವಣಿಯ ಕಿಂಡಿಗಳನ್ನು ತುಸು ತೆರೆದು, ಕೊಳವೆಗಳಲ್ಲಿ ಬಿಸಿನೀರು ಹರಿಸಿ ತೇವವನ್ನು ಹೊರಹಾಕುವಂತೆ, ಬೆಳಗಾಗುವ ಮುನ್ನ ಪರದೆ ಮತ್ತೆ ಮುಚ್ಚುವಂತೆ ಕಂಪ್ಯೂಟರಿಗೆ ಹೇಳಿಟ್ಟಿದ್ದೇವೆ. ಬೇಸಿಗೆಯಲ್ಲಿ ಕಿಂಡಿ ತೆರೆದು ಬಿಸಿನೀರು ಹರಿಸುವುದು ಅನಿಲದ ದುಂದು ಎಂದು ಕೆಲವರು ಆಕ್ಷೇಪಿಸುತ್ತಾರೆ. ಬೂಷ್ಟು ಹಿಡಿದ ಹೂವನ್ನು ತೂಗಿ, ದಾಖಲಿಸಿ, ನಾಶಪಡಿಸುವ ಖರ್ಚಿನ ಮುಂದೆ ಅದು ಕಡಿಮೆಯೇ ಎಂಬುದು ನನ್ನ ಅಭಿಪ್ರಾಯ.

ಹವೆಯ ಅಂಕಿಗಳನ್ನೂ ದಾಸ್ತಾನಿನ ಅಂಕಿಗಳನ್ನೂ ಲಾಟ್ ಸಂಖ್ಯೆಯ ಮೂಲಕ ಒಂದಕ್ಕೊಂದು ಹೊಂದಿಸಿದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಒಂದು ಲಾಟ್‌ನಲ್ಲಿ ಕೊಳೆತು ಹೋದದ್ದು ಹೆಚ್ಚಾದರೆ, ಆ ಗಿಡಗಳು ನಿಂತಿದ್ದ ಅಂಕಣದ ಕೊನೆಯ ವಾರಗಳ ರಾತ್ರಿಯ ತೇವಾಂಶವನ್ನು ಅಲ್ಲೇ ತೆರೆದು ನೋಡಬಹುದು. ನೀರಿನ ಕೊಳವೆ ಕಟ್ಟಿಕೊಂಡದ್ದು, ಗಾಳಿಯಂತ್ರ ನಿಂತದ್ದು ಇತ್ಯಾದಿ ಕಾರಣಗಳು ಊಹೆಯಾಗಿ ಉಳಿಯುವುದಿಲ್ಲ.

ತಿಂಗಳ ವರದಿಯಲ್ಲಿ ತೊಡಕಾಗುವುದು ಒಣಗಿಸುವ ಹಂತ. ಹಸಿ ಹೂವಿನ ತೂಕದಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ನೀರೇ. ನೂರು ಕಿಲೋ ಒಣಗಿದರೆ ಸುಮಾರು ಇಪ್ಪತ್ತು ಕಿಲೋ ಉಳಿಯುತ್ತದೆ. ಆವಿಯಾಗಿ ಹೋದದ್ದೆಷ್ಟು, ಕಾಂಡ ಮತ್ತು ಎಲೆಯಾಗಿ ಹೋದದ್ದೆಷ್ಟು ಎಂಬುದನ್ನು ಬೇರೆಬೇರೆಯಾಗಿ ಬರೆಯದಿದ್ದರೆ, ಕಾಣೆಯಾದ ಎಂಬತ್ತು ಕಿಲೋಗೆ ಉತ್ತರ ಹೇಳುವವರು ಯಾರು? ಅದಕ್ಕಾಗಿ ಒಣಗುಮನೆಗೆ ಹೋಗುವಾಗ, ಬರುವಾಗ, ಹೂ ಬಿಡಿಸಿ ಓರಣಗೊಳಿಸಿದ ಮೇಲೆ, ಹೀಗೆ ಪ್ರತಿ ಹಂತದಲ್ಲೂ ಅದೇ ತಕ್ಕಡಿ, ಅದೇ ಚೀಟಿ. ಹೂವಿನ ಜಲ ಚಟುವಟಿಕೆ (ಬೂಷ್ಟು ಬಳಸಿಕೊಳ್ಳಬಲ್ಲ ನೀರಿನ ಅಳತೆ) 0.55ರಿಂದ 0.65ರ ನಡುವೆ ಬಂದಿದೆಯೆಂದು ಮಾಪಕ ತೋರಿಸುವವರೆಗೆ ತಂತ್ರಾಂಶ ಆ ಲಾಟನ್ನು ಪೊಟ್ಟಣ ಕಟ್ಟುವ ಕೋಣೆಗೆ ಬಿಡುವುದಿಲ್ಲ. ತಿಂಗಳು ಮುಗಿದೊಡನೆ ಎಲ್ಲ ಕೋಣೆಗಳ ದಾಸ್ತಾನನ್ನು ಎಣಿಸಿ, ತೂಗಿ, ಪರದೆಯ ಅಂಕಿಗೆ ಹೋಲಿಸುತ್ತೇವೆ. ವ್ಯತ್ಯಾಸ ಕಂಡ ಲಾಟನ್ನು ಅದರ ಕೊನೆಯ ತೂಕದಿಂದ ಹಿಂದಕ್ಕೆ ಒಂದೊಂದೇ ಹಂತವಾಗಿ ಪರಿಶೀಲಿಸಿ, ಕಾರಣ ಸಿಕ್ಕ ನಂತರವೇ ಗುಣಮಟ್ಟದ ಅಧಿಕಾರಿಯ ಸಹಿ ಬೀಳುತ್ತದೆ.