ಮಗ ಮಗಳಿಗೆ 18 ತುಂಬೋ ಮುಂಚೆ: ಗಾರ್ಡಿಯನ್‌ಶಿಪ್ ಎಷ್ಟು ಬೇಕೋ ಅಷ್ಟೇ ಕೇಳಿ

ಹೆಚ್ಚಿನ ದೇಶಗಳಲ್ಲಿ 18 ತುಂಬಿದ್ರೆ ಕಾನೂನಿನ ಪ್ರಕಾರ ದೊಡ್ಡವರು, ಬುದ್ಧಿ ಬೆಳವಣಿಗೆ ಎಷ್ಟೇ ಕಮ್ಮಿ ಇರ್ಲಿ. ಹೆತ್ತವರು ಅನ್ನೋ ಒಂದೇ ಕಾರಣಕ್ಕೆ ಸಹಿ ಹಾಕೋ ಅಧಿಕಾರ ಅಲ್ಲಿಗೆ ಮುಗೀತು, ಇದು ಬಹಳ ಜನಕ್ಕೆ ಗೊತ್ತಾಗೋದೇ ಆಪರೇಷನ್ ಫಾರ್ಮ್ ಕೈಗೆ ಬಂದಾಗ, ಅದಕ್ಕೇ ಗಾರ್ಡಿಯನ್‌ಶಿಪ್‌ಗೆ, ಅಂದ್ರೆ ಮಗ ಮಗಳ ಪರವಾಗಿ ಇಲ್ಲಾ ಅವರ ಜೊತೆ ಸೇರಿ ತೀರ್ಮಾನ ಮಾಡೋ ಕಾನೂನು ಅಧಿಕಾರಕ್ಕೆ, 17ಕ್ಕೇ ಓಡಾಟ ಶುರು ಮಾಡಿ.

ಮೊದಲು ನಿಜವಾಗ್ಲೂ ಬೇಕಾ ನೋಡಿ. ಡಯಾಗ್ನೋಸಿಸ್ ಹೆಸರು ನೋಡಿ ತೀರ್ಮಾನ ಮಾಡ್ಬೇಡಿ. ಒಬ್ಬರು ತಾವೇ ತೀರ್ಮಾನ ಮಾಡಬಲ್ಲರಾ ಅಂತ ನೋಡಕ್ಕೆ ಇಂಗ್ಲೆಂಡಿನ 2005ರ ಮೆಂಟಲ್ ಕೆಪಾಸಿಟಿ ಆಕ್ಟ್ ಅನ್ನೋ ಕಾನೂನು ನಾಲ್ಕು ಪ್ರಶ್ನೆ ಕೇಳುತ್ತೆ, ಎಲ್ಲಿದ್ರೂ ಇವನ್ನ ಕೇಳ್ಕೊಳ್ಳಬಹುದು: ವಿಷಯ ಅರ್ಥ ಆಗುತ್ತಾ, ತೀರ್ಮಾನ ಮಾಡೋವರೆಗೆ ನೆನಪಿರುತ್ತಾ, ಹಿಂದೆ ಮುಂದೆ ತೂಗಿ ನೋಡಕ್ಕಾಗುತ್ತಾ, ಬೇರೆಯವರಿಗೆ ತಿಳಿಸಕ್ಕಾಗುತ್ತಾ. ತಿಳಿಸೋದು ಬಾಯಲ್ಲೇ ಆಗ್ಬೇಕಿಲ್ಲ, ಚಿತ್ರದ ಕಾರ್ಡ್ ಮುಟ್ಟಿ ತೋರ್ಸಿದ್ರೂ ಆಯ್ತು. ಇದನ್ನ ಒಂದೊಂದು ತೀರ್ಮಾನಕ್ಕೂ ಬೇರೆ ಬೇರೆ ನೋಡ್ಬೇಕು, ಯಾಕಂದ್ರೆ ಜಮೀನು ಮಾರೋ ಪತ್ರ ಏನು ಅಂತ ಗೊತ್ತಾಗದ ಹುಡುಗಿಗೆ ತಾನು ಯಾರ ಜೊತೆ ಇರ್ಬೇಕು, ನೋಯ್ತಿರೋ ಹಲ್ಲು ಕೀಳಿಸ್ಬೇಕಾ ಬೇಡ್ವಾ ಅನ್ನೋದು ಚೆನ್ನಾಗೇ ಗೊತ್ತಿರುತ್ತೆ.

ಒಂದು ನೋಟ್‌ಬುಕ್ ಇಡಿ. ಯಾವ ವಿಷಯಾನ ಹೇಗೆ ವಿವರಿಸಿದ್ರಿ, ಅವರು ಏನಂದ್ರು, ಮಾರನೇ ದಿನ ಕೇಳಿದಾಗ್ಲೂ ಅದೇ ಅಂದ್ರಾ, ಎಲ್ಲಿ ಸಹಾಯ ಬೇಕಾಯ್ತು, ತಾರೀಖು ಹಾಕಿ ಬರೀರಿ. ಡಾಕ್ಟರ್, ಸೈಕಾಲಜಿಸ್ಟ್ ರಿಪೋರ್ಟ್ ಬರೆಯೋವಾಗ ಇದನ್ನ ತೋರ್ಸಿ, ಬರೀ ಐಕ್ಯೂ ನಂಬರ್‌ಗಿಂತ ಇದೇ ಎಷ್ಟೋ ವಿಷಯ ಹೇಳುತ್ತೆ.

ಅರ್ಜಿಲಿ ಏನು ಕೇಳ್ತೀರಿ ಅನ್ನೋದೇ ಮುಖ್ಯ. ಭಯಕ್ಕೆ ಎಲ್ಲಾ ಅಧಿಕಾರ ಕೇಳಿಬಿಡ್ತೀವಿ, ಆಮೇಲೆ ಆ ಮಗು ತನ್ನ ಬದುಕಿನ ಬಗ್ಗೆ ಆಡೋ ಮಾತಿಗೆ ಬೆಲೆನೇ ಇರಲ್ಲ, ದಯವಿಟ್ಟು ಹಂಗೆ ಮಾಡ್ಬೇಡಿ. ಅಂಗವಿಕಲರ ಹಕ್ಕುಗಳ ಬಗ್ಗೆ ಇರೋ 2006ರ ವಿಶ್ವಸಂಸ್ಥೆ ಒಪ್ಪಂದದ 12ನೇ ವಿಧಿ ಅಂಗವೈಕಲ್ಯ ಇರೋರಿಗೂ ಎಲ್ಲರಷ್ಟೇ ಕಾನೂನು ಹಕ್ಕು ಅಂತ ಹೇಳುತ್ತೆ, ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಸೆಕ್ಷನ್‌ನಲ್ಲೂ ಲಿಮಿಟೆಡ್ ಗಾರ್ಡಿಯನ್‌ಶಿಪ್ ಇದೆ: ಇಂಥ ವಿಷಯಕ್ಕೆ, ಇಷ್ಟು ಸಮಯಕ್ಕೆ, ಗಾರ್ಡಿಯನ್ ಮತ್ತು ಆ ವ್ಯಕ್ತಿ ಇಬ್ಬರೂ ಸೇರಿ ತೀರ್ಮಾನ ಮಾಡೋದು. ಇದಕ್ಕಿಂತ ಹೆಚ್ಚು ಬೇಕಂದ್ರೆ ಯಾಕೆ ಅಂತ ನೋಟ್‌ಬುಕ್ ಹೇಳ್ಬೇಕು.

ವಿಚಾರಣೆಗೆ ಅವರನ್ನೂ ಕರ್ಕೊಂಡ್ಹೋಗಿ. ಅಲ್ಲಿ ಯಾರಿರ್ತಾರೆ, ಏನು ಕೇಳ್ತಾರೆ ಅಂತ ಮೊದಲೇ ಹೇಳಿ ಅಭ್ಯಾಸ ಮಾಡ್ಸಿ. ಗಾರ್ಡಿಯನ್ ಬೇಡ ಅನ್ನೋ ಹಕ್ಕು ಅವರಿಗಿದೆ, ಅವರು ಬೇಡ ಅಂದ್ರೆ ಅದನ್ನ ಮುಚ್ಚಿಡ್ಬೇಡಿ.

ಆರ್ಡರ್ ಬಂದ್ಮೇಲೆ ಅವರ ದುಡ್ಡು ಬೇರೆ ಅಕೌಂಟಲ್ಲೇ ಇರ್ಲಿ, ಬಿಲ್ ಎಲ್ಲಾ ಎತ್ತಿಡಿ, ಲೆಕ್ಕ ಕೇಳ್ತಾರೆ. ನಿಮ್ಮ ನಂತರ ಯಾರು ಅನ್ನೋದನ್ನ ಈಗ್ಲೇ ಆ ವ್ಯಕ್ತಿ ಜೊತೆ ಮಾತಾಡಿ, ನಿಮ್ಮ ಮಗ ಮಗಳನ್ನೂ ಆ ಮಾತಲ್ಲಿ ಕೂರಿಸ್ಕೊಂಡು.