ಮೂವತ್ತೆರಡು ಎಲೆಗಳಿಗೆ ಇಳಿದ ಮೇಲೆ

ಇಸ್ಪೀಟು ಕಟ್ಟಿನಿಂದ ಎರಡರಿಂದ ಆರರವರೆಗಿನ 20 ಎಲೆಗಳನ್ನು ತೆಗೆದಿಟ್ಟು ಉಳಿದ 32ರಲ್ಲೇ ಭವಿಷ್ಯ ಹೇಳುತ್ತೇನೆಂದಾಗ, ಇದೇ ವೃತ್ತಿಯ ಹಿರಿಯರು ನನ್ನನ್ನು ನಂಬಲಿಲ್ಲ. ಈಗ ಅವರಲ್ಲೇ ಇಬ್ಬರು ಈ ಕ್ರಮವನ್ನು ನನ್ನಿಂದ ಕಲಿತಿದ್ದಾರೆ.

ಮೊದಲ ಮೂರು ವರ್ಷ ನಾನು 52 ಎಲೆಗಳ ಅರ್ಥವನ್ನೂ ಬಾಯಿಪಾಠ ಮಾಡಿ, ಬಿದ್ದ ಎಲೆಯ ಅರ್ಥವನ್ನು ಹಾಗೆಯೇ ಒಪ್ಪಿಸುತ್ತಿದ್ದೆ. ಒಮ್ಮೆ ಹೆಂಗಸೊಬ್ಬರಿಗೆ ಸ್ಪೇಡ್ 9 ಬಿದ್ದಾಗ, ಅದಕ್ಕೆ ಅಂಟಿಕೊಂಡ ಕೆಟ್ಟ ಅರ್ಥವನ್ನು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟೆ. ಅವರು ಕಣ್ಣೊರೆಸಿಕೊಂಡು, ಹಣ ಕೊಡದೆ ಎದ್ದುಹೋದರು. ಅವರ ಕಡೆಯಿಂದ ಬರುತ್ತಿದ್ದ ನಾಲ್ಕೈದು ಜನರೂ ಬರುವುದನ್ನು ನಿಲ್ಲಿಸಿದರು. ಆ ವರ್ಷ ನನ್ನ ಗಳಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಆ ಬಿಡುವಿನಲ್ಲಿ 36 ಎಲೆಗಳ ಲೆನೊರ್ಮಾಂ ಕಟ್ಟನ್ನು ಎರಡು ತಿಂಗಳು ಪ್ರಯೋಗಿಸಿದೆ. 1843ರಲ್ಲಿ ತೀರಿಕೊಂಡ ಪ್ಯಾರಿಸ್ಸಿನ ಪ್ರಖ್ಯಾತ ಕಣಿಗಾರ್ತಿಯ ಹೆಸರನ್ನು ಅದಕ್ಕೆ ಇಟ್ಟದ್ದು ಆಕೆಯ ಕಾಲಾನಂತರ. ಅದು ನನ್ನ ಕೈಗೆ ಒಗ್ಗಲಿಲ್ಲ, ಆದರೆ ಎಲೆಯನ್ನು ಅದರ ನೆರೆಯ ಎಲೆಗಳೊಡನೆ ಓದುವುದನ್ನು ಕಲಿತದ್ದು ಅದರಿಂದಲೇ. ಅದೇ ಓದನ್ನು 32 ಎಲೆಗಳಿಗೆ ತಂದೆ. ಮುಂದೊಮ್ಮೆ ಅದೇ ಸ್ಪೇಡ್ 9 ಬಿದ್ದಾಗ, ಒಂದು ಪಕ್ಕದಲ್ಲಿ ಕ್ಲಾವರ್ 8, ಇನ್ನೊಂದು ಪಕ್ಕದಲ್ಲಿ ಡೈಮಂಡ್ ಎಕ್ಕ ಇದ್ದವು. ಕೆಲಸಕ್ಕೆ ಸಂಬಂಧಿಸಿದ ಕಾಗದವೊಂದು ತಡೆದು ನಿಂತಿದೆ ಎಂದೆ. ಎದುರಿಗಿದ್ದ ಹುಡುಗ ಮೂರು ತಿಂಗಳಿಂದ ನೇಮಕದ ಪತ್ರಕ್ಕೆ ಕಾಯುತ್ತಿದ್ದನು.

32 ಎಲೆಗಳು ನನ್ನ ಕಲ್ಪನೆಯಲ್ಲ. 1770ರಲ್ಲಿ ಫ್ರಾನ್ಸಿನ ಆಲಿಯೆಟ್, ತನ್ನ ಹೆಸರನ್ನು ಹಿಂದುಮುಂದಾಗಿಸಿ ಎಟ್ಟೆಯಿಲ್ಲಾ ಎಂದು ಕರೆದುಕೊಂಡು ಪ್ರಕಟಿಸಿದ ಪುಸ್ತಕದಲ್ಲಿ, ಪಿಕೆ ಆಟದ 32 ಎಲೆಗಳ ಜೊತೆಗೆ ಪ್ರಶ್ನೆ ಕೇಳುವವರ ಗುರುತಾಗಿ ಇನ್ನೊಂದನ್ನು ಸೇರಿಸಿದ್ದನು. ಎಲೆ ತಲೆಕೆಳಗಾಗಿ ಬಿದ್ದರೆ ಅವನು ಬೇರೆ ಅರ್ಥ ಹೇಳುತ್ತಿದ್ದನು. ಇಂದಿನ ಎಲೆಗಳಲ್ಲಿ ಅದು ಸುಲಭವಲ್ಲ. ನಾನು ಒಂದೊಂದನ್ನೂ ತಿರುಗಿಸಿ ನೋಡಿದೆ: ರಾಜ, ರಾಣಿ, ಗುಲಾಮರು ಹನ್ನೆರಡು, ಹತ್ತರ ಎಲೆಗಳು ನಾಲ್ಕು, ಡೈಮಂಡಿನ 8, 9 ಮತ್ತು ಎಕ್ಕ, ಹೀಗೆ 19 ಎಲೆಗಳು ಹೇಗಿಟ್ಟರೂ ಒಂದೇ. ಅವುಗಳ ಮುಖದ ಮೂಲೆಯಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಟ್ಟುಕೊಂಡೆ. ಒಬ್ಬರು ಅದನ್ನು ಕಂಡು ಮೋಸದ ಕಟ್ಟೆಂದು ಹಣ ಹಿಂದಕ್ಕೆ ಕೇಳಿದರು, ಕೊಟ್ಟೆ. ಅಂದಿನಿಂದ ಎಲೆ ಕಲೆಸುವ ಮೊದಲೇ ಚುಕ್ಕೆಗಳನ್ನು ತೋರಿಸಿಬಿಡುತ್ತೇನೆ.

ನೆನಪಿನ ಲೆಕ್ಕದಲ್ಲಿ, ಹಿಂದೆ ಹತ್ತರಲ್ಲಿ ಇಬ್ಬರು ಮರಳಿ ಬರುತ್ತಿದ್ದರೆ ಈಗ ಆರೇಳು ಜನ ಬರುತ್ತಾರೆ. ಕಳೆದುಕೊಂಡ ಗಳಿಕೆ ಒಂದೂವರೆ ವರ್ಷದಲ್ಲಿ ಕೂಡಿಬಂದಿತು. ಮೊದಲ ಸಾಲು ಓದಿದ ಮೇಲೆ ಎಲೆಗಳನ್ನು ಯಾವ ಕ್ರಮದಲ್ಲಿ ಒಟ್ಟುಗೂಡಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಕಲಿತ ಆ ಇಬ್ಬರಿಗೂ ಅದನ್ನು ಹೇಳಿಲ್ಲ.