ಬೀಥೋವನ್ ಓಪಸ್ 131: ಯಾವ ರೆಕಾರ್ಡಿಂಗ್ ಕೇಳೋದು?

ಬೀಥೋವನ್ 1826ರಲ್ಲಿ ಬರೆದ ಓಪಸ್ 131 ಅನ್ನೋ ಈ ಸ್ಟ್ರಿಂಗ್ ಕ್ವಾರ್ಟೆಟ್‌ಗೆ (ಎರಡು ವಯಲಿನ್, ಒಂದು ವಿಯೋಲಾ, ಒಂದು ಚೆಲ್ಲೋಗೆ ಬರೆದ ಕೃತಿ) ಹತ್ತಾರು ರೆಕಾರ್ಡಿಂಗ್‌ಗಳಿವೆ. ಎಲ್ಲವನ್ನೂ ಪೂರ್ತಿ ಕೇಳಿ ಆರಿಸೋಕೆ ಹೋಗಬೇಡಿ, ಒಂದೊಂದೂ ಸುಮಾರು 40 ನಿಮಿಷ.

ಎರಡೇ ಜಾಗ ಕೇಳಿ. ಮೊದಲನೆಯದು ಶುರುವಿನ ಫ್ಯೂಗ್, ಅಂದರೆ ಒಂದೇ ರಾಗವನ್ನು ವಾದ್ಯಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ಭಾಗ. ಮೊದಲ ವಯಲಿನ್ ಒಂಟಿಯಾಗಿ ಹೊರಡುತ್ತೆ, ಆಮೇಲೆ ಎರಡನೇ ವಯಲಿನ್, ವಿಯೋಲಾ, ಕೊನೆಗೆ ಚೆಲ್ಲೋ ಸೇರಿಕೊಳ್ಳುತ್ತವೆ. ಚೆಲ್ಲೋ ಬಂದ ಮೇಲೂ ಒಳಗಿನ ವಿಯೋಲಾ ಬಿಡಿಯಾಗಿ ಕೇಳಿಸಬೇಕು. ಕೇಳಿಸದಿದ್ದರೆ ಮುಂದಿನ ರೆಕಾರ್ಡಿಂಗ್‌ಗೆ ಹೋಗಿ. ಎರಡನೆಯದು ಐದನೇ ಭಾಗ, ಪ್ರೆಸ್ಟೊ, ಅಂದರೆ ಬಲು ವೇಗದ್ದು. ಅಲ್ಲಿ ತಂತಿಯನ್ನು ಬೆರಳಲ್ಲಿ ಮೀಟಿ ನಾಲ್ವರೂ ಸ್ವರಗಳನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಾರೆ. ಹೆಡ್‌ಫೋನ್ ಹಾಕಿಕೊಂಡರೆ ಯಾರು ಎಲ್ಲಿ ಕೂತಿದ್ದಾರೆ ಅಂತ ಗೊತ್ತಾಗಬೇಕು.

ನನ್ನ ಆಯ್ಕೆ? ಮೊದಲ ಸಲ ಕೇಳುವವರಿಗೆ ಟಾಕಾಚ್ ಕ್ವಾರ್ಟೆಟ್ ಅನ್ನೋ ತಂಡದ್ದು (ನುಡಿಸುವ ನಾಲ್ವರ ತಂಡಕ್ಕೂ ಕ್ವಾರ್ಟೆಟ್ ಅಂತಲೇ ಹೆಸರು). ಧ್ವನಿ ತಿಳಿ, ನುಡಿಸುವುದರಲ್ಲಿ ಚುರುಕಿದೆ. ಕ್ವಾರ್ಟೆಟೊ ಇಟಾಲಿಯಾನೊ ನಿಧಾನ, ನಾದ ತುಂಬಾ ಇಂಪು. ಬುಶ್ ಕ್ವಾರ್ಟೆಟ್‌ನದು 1936ರದ್ದು, ಗೀಚು ಸದ್ದು ಇದ್ದೇ ಇದೆ. ಆದರೂ ಆ ಫ್ಯೂಗ್‌ಗೋಸ್ಕರ ಸಹಿಸಿಕೊಳ್ಳಬಹುದು. ಆಲ್ಬನ್ ಬರ್ಗ್ ಕ್ವಾರ್ಟೆಟ್‌ನದು ಎರಡಿವೆ, ಒಂದು ಸ್ಟುಡಿಯೋದ್ದು, ಇನ್ನೊಂದು ವಿಯೆನ್ನಾದ ಸಂಗೀತ ಕಛೇರಿಯದ್ದು. ಯಾವುದು ಅಂತ ನೋಡಿಕೊಂಡೇ ಕೊಳ್ಳಿ.

ಇನ್ನೊಂದು ವಿಷಯ. ಇದರ ಏಳು ಭಾಗಗಳನ್ನೂ ನಿಲ್ಲಿಸದೆ ನುಡಿಸಬೇಕು. ಆ್ಯಪ್‌ನಲ್ಲಿ ಟ್ರ್ಯಾಕ್‌ಗಳ ನಡುವೆ ತಡೆ ಬಾರದ ಹಾಗೆ ಗ್ಯಾಪ್‌ಲೆಸ್ ಆನ್ ಮಾಡಿ, ಒಂದು ಟ್ರ್ಯಾಕ್‌ನ ಕೊನೆಯನ್ನು ಮುಂದಿನದರ ಶುರುವಿನ ಜೊತೆ ಬೆರೆಸುವ ಕ್ರಾಸ್‌ಫೇಡ್ ಆಫ್ ಮಾಡಿ. ಶಫಲ್ ಅಂತೂ ಬೇಡವೇ ಬೇಡ.